ಥೆರಪಿಸ್ಟ್ ಮುಂದೆ ಲ್ಯಾಪ್‌ಟಾಪ್ ತೆಗೀರಿ

(ಎಡಿಎಚ್‌ಡಿ ಸರಣಿ, ಭಾಗ 5. ಸ್ವಲ್ಪ ಉದ್ದ ಇದೆ. ಈಗ ಓದಕ್ಕಾಗಲ್ಲ ಅಂದ್ರೆ ಸೇವ್ ಮಾಡ್ಕೊಳ್ಳಿ. ಸೇವ್ ಮಾಡಿ ಮರೆತ್ರೂ ಬೇಜಾರಿಲ್ಲ, ನಾನೂ ಅದೇ ಗುಂಪು 🙂)

ಹೋದ ಭಾಗ ಹಾಕಿದ್ಮೇಲೆ ನಮ್ಮ ಕ್ಲಾಸಿನವರೇ ಮೂರು ಜನ ಮೆಸೇಜ್ ಮಾಡಿದ್ರಿ. ಮೂವರದ್ದೂ ಒಂದೇ ಮಾತು: "ಥೆರಪಿಗೆ ಹೋದೆ, ಏನೂ ಆಗ್ಲಿಲ್ಲ, ಬಿಟ್ಟೆ." ಅದ್ರಲ್ಲಿ ಒಬ್ಬರು ಕೆಲಸಾನೂ ಬಿಟ್ಟು ಊರಿಗೆ ಹೋಗಿ ಕೂತಿದ್ದೀರಿ. ಅದಕ್ಕೇ ಇವತ್ತು ಇದನ್ನ ಬರೀತಿದ್ದೀನಿ.

ನನ್ನ ಕಥೆ ಗೊತ್ತಿಲ್ಲದವರಿಗೆ: ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬೇರೆಯವರು ಎರಡು ದಿನ ಒದ್ದಾಡಿದ ಬಗ್ ಒಂದನ್ನ ರಾತ್ರಿ ಕೂತು ಮುಗಿಸಿದ್ದೆ. ಆದ್ರೆ ಕ್ಲೈಂಟ್‌ಗೆ ಐದು ಸಾಲಿನ ಒಂದು ಮೇಲ್ ಕಳಿಸಕ್ಕೆ 11 ದಿನ ಆಗ್ಲಿಲ್ಲ. ಮರೆತಿರ್ಲಿಲ್ಲ, ಅದೇ ಕಷ್ಟ. ದಿನಾ ನೆನಪಾಗೋದು, ಹೊಟ್ಟೆಲಿ ಏನೋ ಆಗೋದು, ಇನ್ನೊಂದು ಟ್ಯಾಬ್ ತೆಗೆಯೋದು. 12ನೇ ದಿನ ಮ್ಯಾನೇಜರ್ ಫೋನ್ ಬಂತು. ಅದಾಗಿ ಎರಡು ತಿಂಗಳಿಗೆ ಪಿಐಪಿ. ಸೋಂಬೇರಿ ಅಂತ ಅವರು ಬಾಯಿಬಿಟ್ಟು ಹೇಳ್ಲಿಲ್ಲ, ನಾನೇ ಹೇಳ್ಕೊಂಡೆ.

ಮೊದಲು ಹೋದ ಥೆರಪಿಸ್ಟ್ ಒಳ್ಳೆಯವರು. ನಿಜವಾಗ್ಲೂ. ಎಂಟು ಸೆಷನ್ ಬಾಲ್ಯ, ಅಪ್ಪನ ಕೋಪ, ಹತ್ತನೇ ಕ್ಲಾಸಿನ ಮಾರ್ಕ್ಸು ಎಲ್ಲಾ ಮಾತಾಡಿದ್ವಿ. ಅತ್ತೆ, ಮನಸ್ಸು ಹಗುರ ಆಯ್ತು. ರೂಮಿಗೆ ಬಂದೆ. ಟೈಮ್‌ಶೀಟ್ ಮಾತ್ರ ಇದ್ದಲ್ಲೇ ಇತ್ತು.

ಎರಡನೆಯವರ ಹತ್ರ ಹೋಗೋ ಹೊತ್ತಿಗೆ ಸೈಕಿಯಾಟ್ರಿಸ್ಟ್ ನೋಡಿ ಎಡಿಎಚ್‌ಡಿ ಅಂತ ಹೇಳಿದ್ರು. ಇಲ್ಲಿ ಒಂದು ಮಾತು, ರೀಲ್ಸ್ ನೋಡಿ ನೀವೇ ತೀರ್ಮಾನ ಮಾಡ್ಕೊಬೇಡಿ. 2013ರಲ್ಲಿ ಬಂದ ಡಿಎಸ್‌ಎಂ-5 ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮುಂಚೆನೇ ಕಾಣಿಸಿಕೊಂಡಿರಬೇಕು. ಅದಕ್ಕೇ ನನ್ನ ಡಾಕ್ಟರು ಸ್ಕೂಲ್ ರಿಪೋರ್ಟ್ ಕಾರ್ಡ್ ಕೇಳಿದ್ರು. ಅಮ್ಮ ಟ್ರಂಕಿಂದ ತೆಗೆದು ಕೊಟ್ಟಾಗ ಮೂರನೇ ಕ್ಲಾಸಿನ ಕಾರ್ಡಲ್ಲೇ "ಬುದ್ಧಿ ಇದೆ, ಗಮನವಿಲ್ಲ" ಅಂತ ಬರೆದಿತ್ತು. ನಿದ್ದೆಗೇಡು, ಥೈರಾಯ್ಡ್, ಖಿನ್ನತೆ ಇದ್ರೂ ಗಮನ ಹೀಗೇ ಹಾರುತ್ತೆ, ಅದನ್ನೆಲ್ಲ ನೋಡದೆ ಹೆಸರಿಡಬಾರದು.

ಸರಿ, ಎರಡನೆಯವರು. ಮೊದಲ ದಿನವೇ ಕೇಳಿದ್ರು, "ಲ್ಯಾಪ್‌ಟಾಪ್ ತಂದಿದ್ದೀರಾ?" ಬ್ಯಾಗಲ್ಲಿತ್ತು. "ಕಳಿಸದೇ ಇರೋ ಮೇಲ್ ಯಾವ್ದು, ತೆಗೀರಿ." ನಾನು ನಕ್ಕೆ. ಅವರು ನಗ್ಲಿಲ್ಲ. ತೆಗೆದೆ. ಕೈ ಬೆವರ್ತಾ ಇತ್ತು. "ಈಗ ತಲೇಲಿ ಏನು ಓಡ್ತಿದೆ?" ಅಂದ್ರು. "ಇಷ್ಟು ಲೇಟಾಗಿದೆ, ಈಗ ಕಳಿಸಿದ್ರೆ ಚೆನ್ನಾಗಿ ಬರೆದು ಕಳಿಸ್ಬೇಕು" ಅಂದೆ. ಅದನ್ನ ಪೇಪರ್ ಮೇಲೆ ಬರೆಸಿದ್ರು. ಆಮೇಲೆ ಹತ್ತು ನಿಮಿಷ ಟೈಮರ್ ಇಟ್ಟು ಸುಮ್ಮನೆ ಪಕ್ಕದಲ್ಲಿ ಕೂತ್ರು. ಆರು ನಿಮಿಷದಲ್ಲಿ ಮೇಲ್ ಹೋಯ್ತು.

ನನ್ನ ವಾದ ಇಷ್ಟೇ. ಎಡಿಎಚ್‌ಡಿ ಇರೋರಿಗೆ ಏನು ಮಾಡ್ಬೇಕು ಅಂತ ಗೊತ್ತಿರುತ್ತೆ. ಗೊತ್ತಿರೋದನ್ನ ಆ ಹೊತ್ತಿಗೆ, ಆ ಜಾಗದಲ್ಲಿ ಮಾಡಕ್ಕಾಗೋದೇ ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ವರ್ಷಗಳಿಂದ ಹೇಳ್ತಾ ಬಂದಿರೋದೂ ಇದನ್ನೇ. ಹಾಗಿದ್ಮೇಲೆ ಥೆರಪಿ ಕೂಡ ಆ ಜಾಗಕ್ಕೇ ಬರಬೇಕು: ಕ್ಯಾಲೆಂಡರ್‌ಗೆ, ಇನ್‌ಬಾಕ್ಸ್‌ಗೆ, ಮಂಗಳವಾರದ ಮಧ್ಯಾಹ್ನ ಮೂರು ಗಂಟೆಗೆ. ಬಾಲ್ಯದ ಮಾತು ಬೇಡ ಅಂತಲ್ಲ. ಇಷ್ಟು ವರ್ಷ ಬೈಸ್ಕೊಂಡ ನಾಚಿಕೆನೇ ಎಷ್ಟೋ ಸಲ ಕೈ ಕಟ್ಟಿಹಾಕೋದು. ಆದ್ರೆ ಅಲ್ಲೇ ನಿಂತ್ರೆ ಸಾಲದು.

"ಮಾತ್ರೆ ತಗೊಂಡ್ರೆ ಸಾಕಲ್ವಾ?" ಅಂತ ಕೇಳೋರಿಗೆ: 2010ರಲ್ಲಿ ಸ್ಟೀವನ್ ಸಫ್ರೆನ್ ಮತ್ತು ಜೊತೆಯವರು ಜಾಮಾ ಪತ್ರಿಕೇಲಿ ಒಂದು ಅಧ್ಯಯನ ಪ್ರಕಟಿಸಿದ್ರು. ವಯಸ್ಕರು 86 ಜನ, ಎಲ್ಲರೂ ಮಾತ್ರೆ ತಗೊಳ್ತಿದ್ದೋರು, ಆದ್ರೂ ತೊಂದರೆ ಪೂರ್ತಿ ಹೋಗಿರದವರು. ಒಂದು ಗುಂಪಿಗೆ ಸಿಬಿಟಿ, ಅಂದ್ರೆ ಪಟ್ಟಿ, ಕ್ಯಾಲೆಂಡರ್, ಗಮನ ಚದುರೋದನ್ನ ನಿಭಾಯಿಸೋದು, ತಲೇಲಿ ಓಡೋ ಮಾತನ್ನ ಹಿಡಿಯೋದು. ಇನ್ನೊಂದಕ್ಕೆ ರಿಲ್ಯಾಕ್ಸೇಶನ್ ಮತ್ತು ಮಾಹಿತಿ. ಸಿಬಿಟಿ ಗುಂಪಿಗೆ ಹೆಚ್ಚು ಅನುಕೂಲ ಆಯ್ತು. ಹಾಗಂತ ಮಾತ್ರೆ ಅವಮಾನ ಅಲ್ಲ, ನಾನೂ ತಗೊಳ್ತೀನಿ. ಸೈಕಿಯಾಟ್ರಿಸ್ಟ್ ಬರೆದುಕೊಟ್ರೆ ಮಾತ್ರ. ರೂಮ್‌ಮೇಟ್ ಸ್ಟ್ರಿಪ್ಪಿಂದ ಒಂದು ಕಿತ್ಕೊಳ್ಳೋದು ಬೇಡ ಕಣ್ರೋ, ಮೀಥೈಲ್‌ಫೆನಿಡೇಟ್ ಕಾನೂನಿನ ನಿಯಂತ್ರಣದಲ್ಲಿರೋ ಔಷಧಿ.

ಸೆಷನ್‌ಗೆ ನಾನು ಕೊಡ್ತಿದ್ದಿದ್ದು 1,500 ರೂಪಾಯಿ, ಪಿಜಿ ಬಾಡಿಗೆ ಕಟ್ಟೋರಿಗೆ ಸಣ್ಣ ದುಡ್ಡಲ್ಲ. ಅದಕ್ಕೇ ದುಡ್ಡು ಕಟ್ಟೋ ಮೊದಲು ಫೋನಲ್ಲೇ ಕೇಳಿ: ದೊಡ್ಡವರ ಎಡಿಎಚ್‌ಡಿ ನೋಡಿದ್ದೀರಾ? ಒಂದು ಸೆಷನ್ನಿಂದ ಇನ್ನೊಂದಕ್ಕೆ ಮನೇಲಿ ಏನು ಮಾಡ್ಬೇಕಾಗುತ್ತೆ? ನಾನು ಮಾಡದೇ ಬಂದ್ರೆ ಏನ್ಮಾಡ್ತೀರಿ? ಈ ಕೊನೇ ಪ್ರಶ್ನೆಗೆ ಬರೋ ಉತ್ತರ ಚೆನ್ನಾಗಿ ಕೇಳಿಸ್ಕೊಳ್ಳಿ. "ಬೈತೀನಿ" ಅಂದ್ರೂ ಬೇಡ, "ಪರವಾಗಿಲ್ಲ ಬಿಡಿ" ಅಂದ್ರೂ ಬೇಡ. "ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ಇಬ್ಬರೂ ಕೂತು ನೋಡೋಣ" ಅನ್ನೋರು ಸಿಕ್ರೆ ಹೋಗಿ. ದುಡ್ಡೇ ಇಲ್ಲ ಅಂದ್ರೆ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗ ಇದೆ, ಅರ್ಧ ದಿನ ರಜೆ ಹಾಕಿ ಕ್ಯೂ ನಿಲ್ಬೇಕು. ಎಲ್ಲಿಗೆ ಹೋಗ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಅಂದ್ರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಊರಿಗೆ ಹೋಗಿ ಕೂತಿರೋ ನೀನು. ಹೆಸರು ಹಾಕಲ್ಲ, ಹೆದರ್ಬೇಡ. ರಿಲೀವಿಂಗ್ ಲೆಟರ್ ಕೇಳಿ ಎಚ್‌ಆರ್‌ಗೆ ಮೇಲ್ ಹಾಕಿಲ್ಲ, ಮೂರು ತಿಂಗಳಾಯ್ತು ಅಂದಿದ್ದೆ. ಭಾನುವಾರ ಬೆಳಿಗ್ಗೆ 11ಕ್ಕೆ ವಿಡಿಯೋ ಕಾಲ್ ಮಾಡ್ತೀನಿ. ಮಾತಾಡೋದೇನೂ ಬೇಡ, ಕ್ಯಾಮೆರಾ ಆನ್ ಇಟ್ಕೊಂಡು ನೀನು ಆ ಮೇಲ್ ಬರಿ. ನಾನು ಈ ಕಡೆ ಟೈಮ್‌ಶೀಟ್ ತುಂಬ್ತೀನಿ, ಎರಡು ವಾರದ್ದು ಬಾಕಿ ಇದೆ.