ಮಾಗಿಯ ಚಳಿಯೂ ಮೈಯ ಸಾಮೂ

ಮಾಗಿಯ ಚಳಿ ಕಾಲಿಟ್ಟಿತೆಂದರೆ ಪಟ್ಟಣದ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಮೂಲೆ ಸೇರುವುದು ವ್ಯಾಯಾಮ. ದಸರೆಯ ದಿನಗಳಲ್ಲಿ ನಸುಕಿನಲ್ಲೆದ್ದು ಮೈದಾನಕ್ಕೆ ಓಡುತ್ತಿದ್ದ ಹುಡುಗ ಡಿಸೆಂಬರಿನಲ್ಲಿ ಕಂಬಳಿಯಿಂದ ಮುಖ ಹೊರಗಿಡಲೊಲ್ಲ. ದಿನವೂ ತಪ್ಪದೆ ನಡೆಯುತ್ತಿದ್ದ ಯಜಮಾನರು ಕೊರಳಿಗೆ ಮಫ್ಲರು ಸುತ್ತಿಕೊಂಡು, ಎರಡನೆಯ ಲೋಟ ಕಾಫಿಯ ನಿರೀಕ್ಷೆಯಲ್ಲಿ ಪತ್ರಿಕೆ ಹಿಡಿದು ಕುಳಿತುಬಿಡುತ್ತಾರೆ. ‘ಸಂಕ್ರಾಂತಿ ಕಳೆಯಲಿ, ನೋಡೋಣ’ ಎಂಬುದು ಎಲ್ಲರ ಬಾಯಲ್ಲೂ ಒಂದೇ ಮಾತು. ಸಂಕ್ರಾಂತಿ ಕಳೆಯುತ್ತದೆ, ಶಿವರಾತ್ರಿಗೆ ಚಳಿಯೂ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ, ಮೈ ಮಾತ್ರ ಮೊದಲಿನಂತೆ ಬಗ್ಗುವುದಿಲ್ಲ.

ಇಷ್ಟಕ್ಕೂ ಈ ಚಳಿ ಎಷ್ಟರದು? ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ಸೀಮೆಗಳನ್ನೇ ತೆಗೆದುಕೊಳ್ಳಬಹುದು. ಜನವರಿಯ ಬೆಳಗಿನ ಜಾವದಲ್ಲಿ ಇಲ್ಲಿನ ಉಷ್ಣತೆ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುತ್ತದೆ. ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುವುದುಂಟು. ಸೂರ್ಯೋದಯ 6-40ರ ಸುಮಾರಿಗೆ. ಹಗಲು ಅತ್ಯಂತ ಕಿರಿದಾಗುವ ಡಿಸೆಂಬರ್ ಕೊನೆಯಲ್ಲಿಯೂ ಇಲ್ಲಿ 11 ಗಂಟೆಗೂ ಮಿಕ್ಕಿ ಬೆಳಕಿರುತ್ತದೆ. ಅದೇ ದಿನಗಳಲ್ಲಿ ಲಂಡನ್ನಿನವರಿಗೆ ದೊರೆಯುವ ಹಗಲು 8 ಗಂಟೆಗಿಂತ ಕಡಿಮೆ. ಅಲ್ಲಿಯ ಜನ ಮಳೆ, ಮಂಜು, ಕತ್ತಲೆಗಳ ನಡುವೆಯೂ ಉದ್ಯಾನಗಳಲ್ಲಿ ಓಡುತ್ತಿರುವಾಗ, ಕಾವೇರಿಯ ದಡದವರು ಚಳಿಯನ್ನು ದೂರುವುದು ಹೆಚ್ಚು ಶೋಭಿಸದು.

ಹಳ್ಳಿಗಾದರೋ ಇದು ವಿಶ್ರಾಂತಿಯ ಕಾಲವೇ ಅಲ್ಲ. ರಾಗಿಯ ಕೊಯ್ಲು, ಒಕ್ಕಣೆ, ಕಬ್ಬಿನ ಕಡಿತ, ಆಲೆಮನೆಯ ಬೆಲ್ಲದ ಅಡುಗೆ ಎಲ್ಲವೂ ಇದೇ ತಿಂಗಳುಗಳ ಕೆಲಸ. ದೇವಾಲಯಗಳಲ್ಲಿ ಧನುರ್ಮಾಸದ ಪೂಜೆ ನಡೆಯುವುದೂ ಸೂರ್ಯೋದಯಕ್ಕೆ ಮೊದಲೇ. ವರ್ಷದ ಅತಿ ಶೀತಲವಾದ ತಿಂಗಳಿನಲ್ಲಿಯೇ ಜನರನ್ನು ಹಾಸಿಗೆಯಿಂದೆಬ್ಬಿಸಿ, ಮೀಯಿಸಿ, ಗುಡಿಯವರೆಗೆ ನಡೆಯಿಸಿದ ಹಿರಿಯರ ಜಾಣ್ಮೆ ಕಡಿಮೆಯದಲ್ಲ. ಬಿಸಿಬಿಸಿ ಹುಗ್ಗಿಯ ಪ್ರಸಾದ ಅದಕ್ಕೊಂದು ಬಹುಮಾನ.

ಶಾಸ್ತ್ರಗಳ ಅಭಿಪ್ರಾಯವೂ ಇದಕ್ಕೆ ಅನುಕೂಲವಾಗಿಯೇ ಇದೆ. ಹೇಮಂತ, ಶಿಶಿರಗಳಲ್ಲಿ ದೇಹಬಲವೂ ಜಠರಾಗ್ನಿಯೂ ಉತ್ತಮ ಸ್ಥಿತಿಯಲ್ಲಿರುತ್ತವೆಂದು ಆಯುರ್ವೇದದ ಎಣಿಕೆ. ಬಲಶಾಲಿಗಳೂ ಸ್ನಿಗ್ಧಾಹಾರ ಉಣ್ಣುವವರೂ ಚಳಿಗಾಲದಲ್ಲಿ ಹಾಗೂ ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎಂದು ವಾಗ್ಭಟನ ‘ಅಷ್ಟಾಂಗಹೃದಯ’ ವಿಧಿಸುತ್ತದೆ. ಕನ್ನಡ ನಾಡಿನ ಅರಸನೇ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಶಿಕ್ಷಣಕ್ಕೆ ಪ್ರತ್ಯೇಕ ಸ್ಥಾನವಿದೆ. ಭಾರವೆತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ. ಕಣದಲ್ಲಿ ಸೆಣಸುವ ಮಲ್ಲನಿಗೂ ಬಯಲಿನ ನಡಿಗೆ ಅವಶ್ಯಕವೆಂಬುದನ್ನು ಆ ಅರಸನು ಮನಗಂಡಿದ್ದನು.

ಶ್ರೀರಂಗಪಟ್ಟಣಕ್ಕೆ ಈ ವಿದ್ಯೆಯ ಪರಿಚಯ ಹೊಸದಲ್ಲ. ರಾಜ ಒಡೆಯರು 1610ರಲ್ಲಿ ದಸರಾ ಉತ್ಸವವನ್ನು ಆರಂಭಿಸಿದ್ದು ಇಲ್ಲಿಯೇ. 1638ರಿಂದ 1659ರವರೆಗೆ ಇಲ್ಲಿಂದ ಆಳಿದ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಜಟ್ಟಿಯನ್ನು ಕೆಡವಿದರೆಂಬ ಕಥೆ ಮನೆಮನೆಯ ಮಾತು. 1960ರ ‘ರಣಧೀರ ಕಂಠೀರವ’ ಚಿತ್ರದಲ್ಲಿ ರಾಜಕುಮಾರ್ ಆ ಅರಸನ ಪಾತ್ರ ವಹಿಸಿದ ಮೇಲಂತೂ ಅದನ್ನರಿಯದ ಮಕ್ಕಳಿರಲಿಲ್ಲ. ಗರಡಿಯ ಮನೆಯಲ್ಲಿ ಚಳಿಗೆ ರಜೆ ಇಲ್ಲ. ಪಟ್ಟುಗಳಿಗೆ ಕೈಹಾಕುವ ಮೊದಲು ಪೈಲ್ವಾನರು ಅಖಾಡದ ಕೆಮ್ಮಣ್ಣನ್ನು ಅಗೆದು, ಕೆದಕಿ, ಹದಗೊಳಿಸುತ್ತಾರೆ. ನೋಡುವವರಿಗೆ ಅದು ನೆಲದ ಸಿದ್ಧತೆ. ವಾಸ್ತವವಾಗಿ ಮೈಯ ಸಿದ್ಧತೆಯೂ ಹೌದು. ಬಳಿಕ ದಂಡ, ಬಸ್ಕಿ. ಕೊನೆಗೆ ಜೋಡಿಯೊಡನೆ ಹಿಡಿತ. ಈ ಕ್ರಮ ತಪ್ಪಿಸಿ ತಣ್ಣನೆಯ ಮೈಯಲ್ಲಿ ಪಟ್ಟು ಹಾಕಿದವನಿಗೆ ಉಳುಕು ತಪ್ಪದು.

ಈ ಕ್ರಮದ ಹಿಂದಿನ ಕಾರಣವನ್ನು ಇಂದಿನ ವಿಜ್ಞಾನ ಬಿಡಿಸಿ ಹೇಳುತ್ತದೆ. ತಣಿದ ಸ್ನಾಯುವು ನಿಧಾನವಾಗಿ ಸಂಕೋಚಗೊಳ್ಳುತ್ತದೆ; ನರಗಳ ಸಂದೇಶವೂ ಮಂದವಾಗುತ್ತದೆ. ಹತ್ತು ನಿಮಿಷ ಮೆಲ್ಲಗೆ ನಡೆದು, ಕೈಕಾಲು ಬೀಸಿ, ಮೈ ಬೆಚ್ಚಗಾದ ನಂತರವೇ ಓಟವಾಗಲಿ ಆಟವಾಗಲಿ ಸಲ್ಲುತ್ತದೆ. ಅಭ್ಯಾಸ ನಿಂತರೆ ಎರಡು ಮೂರು ವಾರಗಳಲ್ಲಿಯೇ ದಮ್ಮು ಕುಗ್ಗತೊಡಗುತ್ತದೆ. ಸ್ನಾಯುಬಲ ಇನ್ನೂ ಕೆಲಕಾಲ ಉಳಿಯುತ್ತದೆ. ಆದುದರಿಂದ ಪೂರ್ಣ ಸಾಮು ಸಾಧ್ಯವಿಲ್ಲದ ದಿನ ಅರ್ಧವಾದರೂ ಮಾಡುವುದು ಲೇಸು. ಚಳಿಯಲ್ಲಿ ಬಾಯಾರಿಕೆ ತೋರದೆಹೋದರೂ ಮೈ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ಹೊರಡುವ ಮುನ್ನವೂ ಬಂದ ಮೇಲೂ ನೀರು ಕುಡಿಯಬೇಕು. ಒಂದೇ ದಪ್ಪ ಸ್ವೆಟರಿಗಿಂತ ಎರಡು ತೆಳು ಉಡುಪು ಉತ್ತಮ. ಬೆವರತೊಡಗಿದಾಗ ಒಂದನ್ನು ಕಳಚಬಹುದು.

ಹಿರಿಯರ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುತ್ತವೆ; ರಕ್ತದೊತ್ತಡ ಏರುತ್ತದೆ; ಹೃದಯದ ದುಡಿಮೆ ಹೆಚ್ಚುತ್ತದೆ. ರಕ್ತದೊತ್ತಡವೋ ಹೃದಯದ ತೊಂದರೆಯೋ ಇರುವವರು ಬೆಳಗಿನ ನಾಲ್ಕಕ್ಕೆದ್ದು ನಡೆಯುವ ಹಟ ಹಿಡಿಯಬಾರದು. ಬಿಸಿಲು ಮೂಡಿದ ಬಳಿಕ, ಅಥವಾ ಸಂಜೆ ನಾಲ್ಕರಿಂದ ಐದೂವರೆಯೊಳಗೆ ನಡೆದರೆ ಫಲಕ್ಕೇನೂ ಊನವಿಲ್ಲ. ಎದೆಯಲ್ಲಿ ಭಾರ, ತೋಳಿಗೋ ದವಡೆಗೋ ಹರಡುವ ನೋವು, ಅಕಾರಣ ಬೆವರು ಕಂಡರೆ ಅಲ್ಲಿಯೇ ನಿಂತು, ತಡಮಾಡದೆ ಆಸ್ಪತ್ರೆ ಸೇರಬೇಕು. ‘ವಾಯುವಿರಬೇಕು’ ಎಂದು ಶುಂಠಿ ಕಷಾಯ ಕುಡಿದು ಮಲಗಿದ ಅರ್ಧ ಗಂಟೆ ಒಂದು ಸಂಸಾರದ ಗತಿಯನ್ನೇ ಬದಲಿಸಬಲ್ಲದು. ಗೂರಲು, ಉಬ್ಬಸ ಇರುವವರಿಗೆ ತಣ್ಣನೆಯ ಒಣಗಾಳಿ ಸಲ್ಲದು. ಮುಂಜಾನೆಯ ಹೊಗೆಯೂ ಮೇಲೇರದೆ ನೆಲದ ಮೇಲೆಯೇ ನಿಂತಿರುತ್ತದೆ.

ಎಳೆಬಿಸಿಲಿನ ಬಗೆಗೂ ಒಂದು ತಪ್ಪು ತಿಳಿವಳಿಕೆಯಿದೆ. ಚರ್ಮದಲ್ಲಿ ‘ಡಿ’ ಜೀವಸತ್ವವನ್ನು ಉಂಟುಮಾಡುವ ಕಿರಣಗಳು ಸೂರ್ಯೋದಯದ ವೇಳೆಯಲ್ಲಿ ಬಲು ದುರ್ಬಲ. ಮುಂಜಾನೆಯ ಬಿಸಿಲು ಮೈಗೆ ಹಿತ, ಮನಸ್ಸಿಗೆ ಉಲ್ಲಾಸ. ಆ ಜೀವಸತ್ವಕ್ಕಾದರೋ ಹತ್ತು ಗಂಟೆಯ ಮೇಲಣ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೈ, ಮುಖಗಳನ್ನೊಡ್ಡಬೇಕು. ಅಡಿಗೆಮನೆಯಲ್ಲಿಯೇ ಹಗಲು ಕಳೆಯುವ ಗೃಹಿಣಿಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಎಲ್ಲಿ ನಡೆಯಬೇಕೆಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರಗಳಿಗೆ ಬಡತನವಿಲ್ಲ. ಶ್ರೀರಂಗಪಟ್ಟಣದ ಬಳಿ ಶ್ರೀನಿವಾಸನ ಕರಿಘಟ್ಟ. ಪಾಂಡವಪುರದ ಮಗ್ಗುಲಲ್ಲಿ ಕುಂತಿಬೆಟ್ಟ, ಹೈದರ್ ಮತ್ತು ಟಿಪ್ಪುವಿನ ಕಾಲದ ಫ್ರೆಂಚ್ ಸೈನಿಕರ ಬೀಡಿನಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಪಡೆದಿದ್ದ ಸ್ಥಳ. ಅದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳು. ಕೃಷ್ಣರಾಜಪೇಟೆಯವರಿಗೆ ಹತ್ತಿರದ ಹೊಸಹೊಳಲಿನ ಹೊಯ್ಸಳ ದೇಗುಲ ಒಂದು ಒಳ್ಳೆಯ ಗುರಿ. ನಾಗಮಂಗಲದವರಿಗೆ ನವಿಲುಗಳ ಆದಿಚುಂಚನಗಿರಿ ಇದೆ. ಪಕ್ಷಿಗಳು ಗೂಡುಕಟ್ಟುವ ರಂಗನತಿಟ್ಟು 1940ರಿಂದ ಪಕ್ಷಿಧಾಮ. ಮಕ್ಕಳನ್ನು ಬೆಳಗ್ಗೆ ಎಬ್ಬಿಸಲು ಗದರಿಕೆಗಿಂತ ಅದರ ಆಸೆ ಮೇಲು. ಆದರೆ ಈ ಬೆಟ್ಟಗಳ ಸುತ್ತ ಚಿರತೆಗಳ ಸಂಚಾರವಿದೆ. ಬೆಳಕು ಹರಿಯುವ ಮುನ್ನ ಒಂಟಿಯಾಗಿ ಹೋಗಬಾರದು. ರಂಗನತಿಟ್ಟಿನ ನೀರಿನಲ್ಲಿ ಮೊಸಳೆಗಳಿರುವುದರಿಂದ ಸೋಮೇಶ್ವರನ ಸಲಿಲಶ್ರಮವನ್ನು ಅಲ್ಲಿ ಪ್ರಯೋಗಿಸುವಂತಿಲ್ಲ. ಮಂಜು ಮುಸುಕಿದ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳಿಗೆ ಕಾಣುವಂತೆ ಬಿಳಿಯ ಉಡುಪು ತೊಟ್ಟು, ಎದುರು ಬರುವ ವಾಹನಗಳಿಗೆ ಮುಖ ಮಾಡಿ, ರಸ್ತೆಯ ಅಂಚಿನಲ್ಲಿ ನಡೆಯುವುದು ಕ್ಷೇಮ.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಲೆಕ್ಕ ಹಾಕಿದರೆ ವಾರದ ಐದು ದಿನ ಅರ್ಧ ಗಂಟೆ; ಒಂದು ಕಾಫಿ, ಒಂದು ಹರಟೆಯ ಅವಧಿ. ಪರೀಕ್ಷೆ ಹತ್ತಿರವಾಯಿತೆಂದು ಮಕ್ಕಳ ಆಟವನ್ನು ಪೂರ್ತಿ ನಿಲ್ಲಿಸುವ ತಾಯ್ತಂದೆಗಳು ಅಷ್ಟನ್ನಾದರೂ ಉಳಿಸಿಕೊಟ್ಟರೆ ಪುಸ್ತಕಕ್ಕೆ ನಷ್ಟವೇನೂ ಆಗದು. ಮನೆಯಲ್ಲಿ ಒಬ್ಬರು ಬಾಗಿಲು ತೆರೆದು ಹೊರಟರೆ ಇನ್ನೊಬ್ಬರು ಚಪ್ಪಲಿ ಮೆಟ್ಟುತ್ತಾರೆ. ಆ ಮೊದಲ ಹೆಜ್ಜೆಯನ್ನು ಯಾರು ಇಡಬೇಕೆಂಬುದನ್ನು ರಾತ್ರಿಯ ಊಟದ ಹೊತ್ತಿಗೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಬೆಳಗಿನ ಚಳಿಯಲ್ಲಿ ಆ ಚರ್ಚೆ ಮುಗಿಯುವಂಥದ್ದಲ್ಲ.