ಮುಪ್ಪಿನ ಮರೆವಿಗೆ ಯಂತ್ರದ ಮದ್ದು

‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹಿರಿಯರ ಮರೆವನ್ನು ಕಂಡು ನಕ್ಕು ಸುಮ್ಮನಾಗುವುದಕ್ಕೆ ಅದು ಅನುಕೂಲವಾಗಿಯೂ ಒದಗಿಬಂದಿದೆ. ಆದರೆ ವಯಸ್ಸಿನೊಡನೆ ಬರುವ ಸಾಮಾನ್ಯ ಮರೆವು ಬೇರೆ. ಬುದ್ಧಿಯ ಬೇರನ್ನೇ ಕೊರೆಯುವ ಡಿಮೆನ್ಷಿಯಾ ಬೇರೆ. ಎರಡನೆಯದು ರೋಗವೇ ಹೊರತು ಮುಪ್ಪಿನ ಅನಿವಾರ್ಯ ಫಲವಲ್ಲ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಕೊಟ್ಟ ವರದಿಯಂತೆ, ನಿವಾರಿಸಲು ಸಾಧ್ಯವಾದ 14 ಕಾರಣಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು, ಇಲ್ಲವೆ ಮುಂದೂಡಬಹುದು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಕಿವುಡು, ದೃಷ್ಟಿದೋಷ, ಖಿನ್ನತೆ, ಒಂಟಿತನ, ಎಳವೆಯಲ್ಲಿ ವಿದ್ಯೆ ದೊರೆಯದಿರುವುದು, ಇವೆಲ್ಲ ಆ ಪಟ್ಟಿಯಲ್ಲಿವೆ.

ಈ ಆಸೆಯ ಬೆನ್ನಲ್ಲೇ ಯಂತ್ರವೂ ಬಂದಿದೆ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ದಿನಕ್ಕಿಷ್ಟು ಹೊತ್ತು ಆಡಿದರೆ ಬುದ್ಧಿ ಮಸುಳುವುದಿಲ್ಲ ಎಂಬ ಜಾಹೀರಾತುಗಳನ್ನು ವಾಚಕರು ಕಂಡಿರಬಹುದು. ಇಂತಹ ಮಾತನ್ನು ಪರೀಕ್ಷಿಸದೆ ನಂಬಬಾರದು. ‘ಲ್ಯೂಮಾಸಿಟಿ’ ಎಂಬ ಬುದ್ಧಿಯಾಟಗಳನ್ನು ಮಾರುತ್ತಿದ್ದ ಸಂಸ್ಥೆಯು, ತಕ್ಕ ಆಧಾರವಿಲ್ಲದೆ ಇಂತಹ ಭರವಸೆ ಕೊಟ್ಟಿತೆಂಬ ಆರೋಪದ ಮೇಲೆ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ 20 ಲಕ್ಷ ಡಾಲರ್ ತೆತ್ತು 2016ರಲ್ಲಿ ವ್ಯಾಜ್ಯವನ್ನು ಇತ್ಯರ್ಥಪಡಿಸಿಕೊಂಡಿತು.

ಹಾಗೆಂದು ಎಲ್ಲವೂ ಬರಿಯ ವ್ಯಾಪಾರವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಫಿನ್ಲೆಂಡಿನಲ್ಲಿ ಅಪಾಯದ ಲಕ್ಷಣಗಳಿದ್ದ 1,260 ಮಂದಿ ಹಿರಿಯರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಆಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತನಾಳಗಳ ಆರೋಗ್ಯದ ಮೇಲ್ವಿಚಾರಣೆ ಈ ನಾಲ್ಕನ್ನೂ ಒಟ್ಟಾಗಿ ಎರಡು ವರ್ಷ ಒದಗಿಸಿದರು. ಅವರ ಬುದ್ಧಿಶಕ್ತಿ ಉಳಿದವರಿಗಿಂತ ಹೆಚ್ಚು ಸುಧಾರಿಸಿತೆಂದು 2015ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಮನುಷ್ಯರೇ ಮನುಷ್ಯರ ಎದುರು ಕುಳಿತು ಕಲಿಸಿದರು. ವೆಚ್ಚವೂ ಶ್ರಮವೂ ಹಿರಿದು. ಇದನ್ನೇ ಅಂತರ್ಜಾಲದ ಮೂಲಕ ಸಾವಿರಾರು ಜನರಿಗೆ ಮುಟ್ಟಿಸಬಹುದೇ?

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ ಪ್ರೊಫೆಸರ್ ಹೆನ್ರಿ ಬ್ರಾಡಟಿಯವರೂ ಅವರ ಸಂಗಡಿಗರೂ ಈ ಪ್ರಶ್ನೆಯನ್ನೇ ಎತ್ತಿಕೊಂಡರು. 55ರಿಂದ 77 ವಯಸ್ಸಿನ 6,104 ಮಂದಿಯನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ, ಅವರವರ ಅಪಾಯಕ್ಕೆ ತಕ್ಕಂತೆ, ವ್ಯಾಯಾಮ, ಆಹಾರ, ಬುದ್ಧಿಯ ಅಭ್ಯಾಸ, ಮನಸ್ಸಿನ ನೆಮ್ಮದಿ ಇವುಗಳ ಪಾಠಕ್ರಮವನ್ನು ಅಂತರ್ಜಾಲದಲ್ಲಿ ನಡೆಸಿದರು. ಇನ್ನೊಂದಕ್ಕೆ ಓದಲು ತಿಳಿವಳಿಕೆಯ ಬರಹಗಳನ್ನಷ್ಟೇ ಕೊಟ್ಟರು. ಮೂರು ವರ್ಷಗಳ ಕೊನೆಗೆ ಎರಡು ಪಂಗಡಗಳೂ ಪರೀಕ್ಷೆಯಲ್ಲಿ ಮೊದಲಿಗಿಂತ ಮೇಲೇರಿದ್ದವು. ಪಾಠಕ್ರಮ ಪಡೆದವರು ಇನ್ನಷ್ಟು ಮೇಲಿದ್ದರು. 2025ರಲ್ಲಿ ಪ್ರಕಟವಾದ ಈ ಫಲಿತಾಂಶ ಉತ್ಸಾಹ ತರುವಂತಹದು.

ಆದರೂ ಮೂರು ಮಾತುಗಳನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು, ಆ ಅಂತರ ಚಿಕ್ಕದು. ಎರಡನೆಯದು, ಅಲ್ಲಿ ಅಳೆದದ್ದು ಪರೀಕ್ಷೆಯ ಅಂಕಗಳನ್ನು; ಅಂಕ ಏರಿದ ಮಾತ್ರಕ್ಕೆ ಹತ್ತು ವರ್ಷದ ಮೇಲೆ ರೋಗ ಬರುವುದಿಲ್ಲವೆಂದು ಹೇಳಲಾಗದು. ಮೂರನೆಯದೇ ನನಗೆ ಮುಖ್ಯವಾಗಿ ತೋರುವುದು: ಆಹ್ವಾನ ಪಡೆದ ತೊಂಬತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಪ್ಪಿ ಮುಂದೆ ಬಂದವರು ನೂರಕ್ಕೆ ಹದಿನಾಲ್ಕರಷ್ಟು ಮಾತ್ರ. ತಾವಾಗಿ ಯಂತ್ರದ ಮುಂದೆ ಕುಳಿತು ವರ್ಷಗಟ್ಟಲೆ ಅಭ್ಯಾಸ ಮಾಡುವವರಿಗೆ ಓದುಬರಹ, ಬಿಡುವು, ಆತ್ಮವಿಶ್ವಾಸ ಮೊದಲೇ ಇರಬೇಕಾಗುತ್ತದೆ. ಇವು ಇಲ್ಲದವರಿಗೇ ಅಪಾಯ ಹೆಚ್ಚು. ಹಸಿದವನು ಹೊರಗುಳಿದು ಉಂಡವನಿಗೇ ಮತ್ತೆ ಎಲೆ ಹಾಕಿದಂತೆ ಆಗಬಾರದಷ್ಟೆ.

ನಮ್ಮ ದೇಶದ ಮಟ್ಟಿಗೆ ಈ ಮಾತು ಇನ್ನೂ ನಿಜ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿ, ಎಂದರೆ ಶೇಕಡಾ 7.4ರಷ್ಟು, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ಹೆಂಗಸರಲ್ಲಿ, ಹಳ್ಳಿಗರಲ್ಲಿ, ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಈ ಪ್ರಮಾಣ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳಲ್ಲಿ 45 ದಾಟಿದ ಜನರ ಮಿದುಳಿನ ಆರೋಗ್ಯವನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಅಧ್ಯಯನ ಮಾಡುತ್ತಿರುವುದು ಈ ದೃಷ್ಟಿಯಿಂದ ಬಹು ಬೆಲೆಯುಳ್ಳ ಕೆಲಸ. ಸಿಡ್ನಿಯ ಅಳತೆಗೋಲನ್ನೇ ತಂದು ಶ್ರೀನಿವಾಸಪುರದ ಅಜ್ಜಿಯನ್ನು ಅಳೆಯಲಾಗದು. ಅಕ್ಷರ ತಿಳಿಯದವರು ಅಕ್ಷರದ ಪರೀಕ್ಷೆಯಲ್ಲಿ ಸೋತರೆ ಅದು ಬುದ್ಧಿಯ ಸೋಲಲ್ಲ.

ನನ್ನ ಅಭಿಪ್ರಾಯವಿಷ್ಟು. ಯಂತ್ರ ಒಳ್ಳೆಯ ಅಂಚೆಯವ; ವೈದ್ಯನಲ್ಲ. ನಡೆಯಿರಿ, ಉಪ್ಪು ಕಡಿಮೆ ಮಾಡಿ, ಒತ್ತಡವನ್ನು ಅಳೆಸಿಕೊಳ್ಳಿ, ಕಿವಿ ತೋರಿಸಿಕೊಳ್ಳಿ, ನಾಲ್ಕು ಜನರೊಡನೆ ಬೆರೆಯಿರಿ ಎಂಬ ಓಲೆಯನ್ನು ಅದು ಮನೆಮನೆಗೆ ಮುಟ್ಟಿಸಬಲ್ಲದು. ಆ ಓಲೆ ನಮ್ಮ ಜನರ ಆಡುಮಾತಿನಲ್ಲಿ, ಓದು ಬಾರದವರೂ ಕೇಳಿ ತಿಳಿಯುವಂತೆ ಇರಬೇಕು. ಆಶಾ ಕಾರ್ಯಕರ್ತೆಯಂತಹ ಪರಿಚಿತರ ಕೈಯಿಂದ ಬರಬೇಕು. ಇಂತಹ ಸಾಧನಗಳಿಗೆ ಸಾರ್ವಜನಿಕ ಹಣ ಸಲ್ಲುವುದಾದರೆ, ಅವು ಎಷ್ಟು ಜನರ ಅಂಕ ಏರಿಸಿದವು ಎಂಬುದರ ಜೊತೆಗೆ ಯಾರನ್ನು ತಲುಪಿದವು ಎಂಬುದನ್ನೂ ಲೆಕ್ಕ ಕೇಳಬೇಕು.

ಉಪಾಧ್ಯಾಯ ಮಿತ್ರರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಎಳವೆಯ ವಿದ್ಯಾಭ್ಯಾಸವು ಮುಪ್ಪಿನ ಬುದ್ಧಿಗೆ ಕಾಪು ಎಂಬುದನ್ನು ಸಂಶೋಧನೆ ಮತ್ತೆ ಮತ್ತೆ ಎತ್ತಿ ತೋರಿಸಿದೆ. ಇಂದು ಹಳ್ಳಿಯ ಶಾಲೆಯನ್ನು ನಡುವೆ ಬಿಟ್ಟುಹೋಗುವ ಹುಡುಗಿಯನ್ನು ಮತ್ತೆ ಕರೆತಂದು ಕೂರಿಸುವವರು, ಅರುವತ್ತು ವರ್ಷಗಳಾಚೆಯ ಒಬ್ಬ ಮುದುಕಿಯ ನೆನಪನ್ನು ಕಾಯುವ ಕೆಲಸವನ್ನೂ ಮಾಡುತ್ತಿದ್ದಾರೆ. ಯಂತ್ರಕ್ಕೆ ನಾವು ಕೊಡುವ ಗಮನದಲ್ಲಿ ಅರ್ಧವಾದರೂ ಆ ಕೆಲಸಕ್ಕೆ ಸಲ್ಲಬೇಕು.