ಕೀ ಕೈಗಿಡುವ ಮುನ್ನ ಒಂದು ಮಳೆಗಾಲ

ಆಲೂರು ಸೀಮೆಯ ತೋಟದ ಮನೆಗಳಲ್ಲಿ ಹುಡುಗರು ಗಾಡಿ ಕಲಿಯುವುದು ಕಾಫಿ ಕಣದಲ್ಲಿ. ಕೊಯ್ಲು ಮುಗಿದು, ಒಣಗಿದ ಕಾಫಿ ಮೂಟೆ ಸೇರಿದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ಅಲ್ಲಿ ಮೊದಲು ಸ್ಕೂಟರು, ಆಮೇಲೆ ಬೈಕು, ಕಾಲು ಕ್ಲಚ್ಚಿಗೆ ಎಟುಕುವ ಹೊತ್ತಿಗೆ ಜೀಪು. ನನ್ನ ತಮ್ಮನ ಮಗ ಕಲಿತದ್ದೂ ಹಾಗೆಯೇ. ಎರಡನೇ ಪಿಯುಸಿ ಓದುವ ಹದಿನೇಳರ ಹುಡುಗ. ಬಸ್ಸು ಇಳಿದ ಮೇಲೆ ಮನೆಗೆ ಮೂರು ಕಿಲೋಮೀಟರ್ ನಡೆಯಬೇಕು. ಕಳೆದ ವಾರ ಅವನು ಕೇಳಿದ: “ದೊಡ್ಡಪ್ಪ, ಎರಡು ವರ್ಷದಿಂದ ಓಡಿಸ್ತಾ ಇದೀನಿ. ಕಣದಲ್ಲಿ ಓಡಿಸೋನು ರೋಡಲ್ಲಿ ಯಾಕೆ ಓಡಿಸಬಾರದು?”

ಅದು ಉದ್ಧಟತನದ ಮಾತಲ್ಲ. ‘ಕಾನೂನು ಒಪ್ಪಲ್ಲ’ ಎಂದಷ್ಟೇ ಹೇಳಿ ಅವನ ಬಾಯಿ ಮುಚ್ಚಿಸಲು ನನಗೆ ಮನಸ್ಸಾಗಲಿಲ್ಲ.

ಕಾನೂನು ಹೇಳುವುದಾದರೂ ಏನು? 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಲು 18 ತುಂಬಿರಬೇಕು. ಎಂಜಿನ್ 50 ಸಿಸಿ ಮೀರದ ದ್ವಿಚಕ್ರ ವಾಹನವಾದರೆ 16 ಸಾಕು. ಬಾಡಿಗೆ, ಸರಕು ಸಾಗಣೆಯ ವಾಹನಕ್ಕೆ 20 ಆಗಬೇಕು. ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಯೋಚನೆ ನಮ್ಮ ಕಾಯ್ದೆಯಲ್ಲೇ ಇದೆ. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50 ಊರೂರಲ್ಲಿ ಓಡುತ್ತಿದ್ದ ಕಾಲಕ್ಕೆ ಆ ಮೊದಲ ಮೆಟ್ಟಿಲಿಗೆ ಅರ್ಥವಿತ್ತು. ಈಗ ಮನೆಗಳಲ್ಲಿ ನಿಂತಿರುವ ಸ್ಕೂಟರುಗಳು 110, 125 ಸಿಸಿಯವು. ಮೊಪೆಡ್ ಎಂದು ನಾವು ಕರೆಯುವ ಎಕ್ಸ್‌ಎಲ್ ಕೂಡ ನೂರು ಸಿಸಿಗೆ ಬಂದಿದೆ. ಮೆಟ್ಟಿಲು ಕಾಯ್ದೆಯಲ್ಲಿ ಉಳಿದಿದೆ, ಅಂಗಡಿಯಲ್ಲಿ ಇಲ್ಲ. ಗಂಟೆಗೆ 25 ಕಿ.ಮೀ. ದಾಟದ ಸಣ್ಣ ಬ್ಯಾಟರಿ ಸ್ಕೂಟರಿಗೆ ಲೈಸೆನ್ಸೇ ಬೇಡ, ನಿಜ. ಆದರೆ ನಮ್ಮ ಏರುಗಳಲ್ಲಿ ಅದು ಉಸಿರು ಬಿಡುತ್ತದೆ.

ಹೀಗಾಗಿ ಹುಡುಗ ಹದಿನೆಂಟರವರೆಗೆ ಏನೂ ಇಲ್ಲದೆ ಕಾಯುತ್ತಾನೆ. ಆಮೇಲೆ ಎಲ್ಲವೂ ಒಟ್ಟಿಗೇ ಕೈಗೆ ಬರುತ್ತದೆ. ಆನ್‌ಲೈನ್‌ನಲ್ಲಿ ಎಲ್‌ಎಲ್‌ಆರ್, ಮೂವತ್ತು ದಿನ ಕಳೆದರೆ ಪರೀಕ್ಷೆಗೆ ಅರ್ಹ. ಮೈದಾನದಲ್ಲಿ ಕಾಲೂರದೆ ಎಂಟು ಹಾಕಿ ತೋರಿಸಿದರೆ ಡಿಎಲ್. 2019ರ ತಿದ್ದುಪಡಿಯ ನಂತರ, ಮೂವತ್ತರ ಒಳಗಿನವರು ಪಡೆದ ಡಿಎಲ್ ನಲವತ್ತು ತುಂಬುವವರೆಗೆ ನಡೆಯುತ್ತದೆ. ಹದಿನೆಂಟರ ಹುಡುಗನಿಗೆ ಒಂದು ಪರೀಕ್ಷೆಯಲ್ಲಿ ಇಪ್ಪತ್ತೆರಡು ವರ್ಷದ ಅನುಮತಿ. ಡಿಎಲ್ ಸಿಕ್ಕ ರಾತ್ರಿಯೇ ಇಬ್ಬರು ಗೆಳೆಯರನ್ನು ಕಾರಿಗೆ ಹತ್ತಿಸಿಕೊಂಡು ಶಿರಾಡಿ ಘಾಟಿ ಇಳಿದರೂ ತಡೆಯುವ ನಿಯಮವಿಲ್ಲ.

ನಮ್ಮ ಕಡೆಯ ಲೆಕ್ಕದಲ್ಲಿ ಈ ಮೂವತ್ತು ದಿನ ಎಷ್ಟು ಕಡಿಮೆ ಎನ್ನುವುದನ್ನು ನೋಡಿ. ಪಿಯುಸಿ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಎಲ್‌ಎಲ್‌ಆರ್ ಮಾಡಿಸಿದ ಹುಡುಗನಿಗೆ ಮೇ ಕೊನೆಯೊಳಗೆ ಡಿಎಲ್ ಬಂದಿರುತ್ತದೆ. ಅವನು ಕಲಿತದ್ದೆಲ್ಲ ಒಣ ರಸ್ತೆಯಲ್ಲಿ, ಹಗಲಲ್ಲಿ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಪಾಚಿ ಕಟ್ಟಿದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಎತ್ತ ಜಾರುತ್ತದೆ, ಹೆದ್ದಾರಿ 75ರಲ್ಲಿ ಮಂಗಳೂರು ಕಡೆಯ ಟ್ಯಾಂಕರು ಪಕ್ಕದಲ್ಲಿ ಹಾದಾಗ ಗಾಜಿಗೆ ಅಪ್ಪಳಿಸುವ ನೀರಿನಲ್ಲಿ ಏನು ಮಾಡಬೇಕು, ಮಂಜಿನಲ್ಲಿ ಡಿಮ್ ಲೈಟು ಏಕೆ ಬೇಕು ಎಂದು ಯಾರೂ ಕೇಳಿಲ್ಲ, ಅವನೂ ಕಂಡಿಲ್ಲ. ಮೇಲಾಗಿ ಆನೆ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುವ ಸೀಮೆ ನಮ್ಮದು. ಮುಸ್ಸಂಜೆ ತಿರುವಿನಾಚೆ ನಿಂತ ಆನೆಯ ಮುಂದೆ ಎಂಟು ಹಾಕುವ ವಿದ್ಯೆ ಉಪಯೋಗಕ್ಕೆ ಬರುವುದಿಲ್ಲ.

ಈ ಸಮಸ್ಯೆಗೆ ಬೇರೆ ದೇಶಗಳು ಒಂದು ದಾರಿ ಕಂಡುಕೊಂಡಿವೆ. 1987ರಲ್ಲಿ ನ್ಯೂಜಿಲೆಂಡ್ ಲೈಸೆನ್ಸನ್ನು ಮೂರು ಹಂತ ಮಾಡಿತು. ಮೊದಲು ಅನುಭವಿ ಚಾಲಕರ ಜೊತೆ ಮಾತ್ರ. ಎರಡನೇ ಹಂತದಲ್ಲಿ ಒಬ್ಬರೇ ಓಡಿಸಬಹುದು, ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಇಲ್ಲ. ಕೊನೆಗೆ ಪೂರ್ಣ ಲೈಸೆನ್ಸ್. ನಮ್ಮ ಎಷ್ಟೋ ಕನ್ನಡ ಕುಟುಂಬಗಳು ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಹದಿನೈದೂವರೆಗೆ ಕಲಿಕೆಯ ಪರವಾನಗಿ ಸಿಗುತ್ತದೆ. ಆರು ತಿಂಗಳು ಕಲಿಯಬೇಕು. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಬೇಕು, ಅದರಲ್ಲಿ 10 ಗಂಟೆ ರಾತ್ರಿಯ ಹೊತ್ತು. ಲೈಸೆನ್ಸ್ ಸಿಕ್ಕ ಮೇಲೂ ಒಂದು ವರ್ಷ ರಾತ್ರಿ ಹನ್ನೊಂದರ ನಂತರ ಒಂಟಿಯಾಗಿ ಓಡಿಸುವಂತಿಲ್ಲ, ಪಕ್ಕದಲ್ಲಿ ದೊಡ್ಡವರಿಲ್ಲದೆ ಇಪ್ಪತ್ತರ ಒಳಗಿನ ಗೆಳೆಯರನ್ನು ಹತ್ತಿಸಿಕೊಳ್ಳುವಂತಿಲ್ಲ. ಅಲ್ಲಿನ ಅಪ್ಪ ಅಮ್ಮಂದಿರು ಆ ಐವತ್ತು ಗಂಟೆಗೆ ಬಿಡುವು ಮಾಡಿಕೊಳ್ಳಲೇಬೇಕು. ಹೊಸ ಕೈಗೆ ಕತ್ತಲೆ ಒಂದು ಅಪಾಯ, ಗೆಳೆಯರ ಹುರಿದುಂಬಿಕೆ ಇನ್ನೊಂದು. ಎರಡನ್ನೂ ಮೊದಲ ವರ್ಷ ದೂರ ಇಡುವುದು ಈ ಪದ್ಧತಿಯ ತಿರುಳು.

ಇದು ನಮಗೆ ಹೊಸ ಬುದ್ಧಿಯೇನಲ್ಲ. ಕಾಫಿ ಸಸಿಯನ್ನು ನಾವು ಹಾಗೆಯೇ ಬೆಳೆಸುತ್ತೇವೆ. ಪಾತಿಯಲ್ಲಿ ಬೀಜ ಮೊಳೆತು ಟೋಪಿ ಹೊತ್ತು ಮೇಲೆದ್ದಾಗ ಚೀಲಕ್ಕೆ ಹಾಕಿ ಚಪ್ಪರದ ಕೆಳಗಿಡುತ್ತೇವೆ. ತಿಂಗಳುಗಟ್ಟಲೆ ನೆರಳು. ಮಳೆ ಹತ್ತಿರವಾದಂತೆ ಚಪ್ಪರದ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ತೆಗೆದು ಬಿಸಿಲಿಗೆ ರೂಢಿ ಮಾಡುತ್ತೇವೆ. ಒಂದೇ ದಿನ ಚಪ್ಪರ ಕಿತ್ತರೆ ಸಸಿ ಸುಟ್ಟುಹೋಗುತ್ತದೆ ಎಂದು ತೋಟದ ಆಳು ಮಕ್ಕಳಿಗೂ ಗೊತ್ತು. ಸಸಿಗೆ ತೋರಿಸುವ ಈ ತಾಳ್ಮೆಯನ್ನು ಮಗನಿಗೆ ಏಕೆ ತೋರಿಸುವುದಿಲ್ಲ?

ಹದಿನೆಂಟು ತುಂಬದವರ ಕೈಗೆ ಕೀ ಕೊಟ್ಟರೆ ಶಿಕ್ಷೆಯೇನೋ ಕಠಿಣವಾಗಿದೆ. 2019ರಲ್ಲಿ ಸೇರಿದ 199ಎ ಸೆಕ್ಷನ್ ಅಪ್ರಾಪ್ತರು ಅಪರಾಧ ಮಾಡಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ಹೊಣೆ ಮಾಡುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಈ ಶಿಕ್ಷೆ ಇರಲೇಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಆದರೆ ದಂಡ ಹದಿನೇಳರ ಹುಡುಗನನ್ನು ತಡೆಯಬಹುದೇ ಹೊರತು ಹದಿನೆಂಟರ ಹುಡುಗನಿಗೆ ಏನನ್ನೂ ಕಲಿಸುವುದಿಲ್ಲ. ಕಲಿಸುವ ಕೆಲಸವನ್ನೂ ಕಾನೂನು ವಹಿಸಿಕೊಳ್ಳಬೇಕು. ಎಲ್‌ಎಲ್‌ಆರ್ ಅವಧಿ ಆರು ತಿಂಗಳಿದೆ; ಆ ಆರು ತಿಂಗಳನ್ನೂ ಕಡ್ಡಾಯ ಕಲಿಕೆಯ ಕಾಲ ಮಾಡಲಿ. ಡಿಎಲ್ ಸಿಕ್ಕ ಮೊದಲ ವರ್ಷ ರಾತ್ರಿ ಸವಾರಿಗೆ ಮಿತಿ ಇರಲಿ. ಜೊತೆಗೆ, ಹಳ್ಳಿಯ ಪಿಯು ಮಕ್ಕಳಿಗೆ ಕಾಲೇಜು ಬಿಡುವ ಹೊತ್ತಿಗೆ ಬಸ್ಸು ಇರಲಿ. ಮನೆಯಲ್ಲಿ ಕೀ ಕೇಳುವ ಒತ್ತಡ ಅರ್ಧ ಹುಟ್ಟುವುದೇ ತಪ್ಪಿಹೋದ ಬಸ್ಸಿನಿಂದ.

ತಮ್ಮನ ಮಗನಿಗೆ ನಾನು ಹೇಳಿದ್ದು ಇಷ್ಟು: “ಕಣದಲ್ಲಿ ನೀನೊಬ್ಬನೇ ಇರ್ತೀಯಪ್ಪ. ರೋಡಲ್ಲಿ ಬೇರೆಯವರೂ ಇರ್ತಾರೆ. ಅವರನ್ನ ನೋಡೋದು ಕಲಿಯಬೇಕು.” ಹದಿನೆಂಟು ತುಂಬಿ ಎಲ್‌ಎಲ್‌ಆರ್ ಬಂದ ಮೇಲೆ ಒಂದು ಪೂರ್ತಿ ಮಳೆಗಾಲ ಅವನಪ್ಪ ಅಥವಾ ನಾನು ಅವನ ಜೊತೆಗಿರುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಬಸ್ ನಿಲ್ದಾಣದಿಂದ ಅವನನ್ನು ಕರೆತರುವುದು ನಮ್ಮ ಕೆಲಸ.

ಆಲೂರು, ಸಕಲೇಶಪುರದ ತಂದೆತಾಯಿಗಳಲ್ಲಿ ನನ್ನದೊಂದೇ ಬೇಡಿಕೆ. ಕಾನೂನು ಬದಲಾಗುವವರೆಗೆ ಕಾಯಬೇಡಿ. ಕೀ ಕೈಗಿಡುವ ಮುನ್ನ ಒಂದು ಮಳೆಗಾಲ ಮಕ್ಕಳ ಪಕ್ಕದಲ್ಲಿ ಕೂರಿ.